ಸ್ಮಾರ್ಟ್ ಕಾರ್ಖಾನೆ: ಕಸುಬು ಯಾರದು, ಫೈಲ್ ಯಾರದು?

ಎಂಜಿನಿಯರಿಂಗ್ ಓದುವಾಗ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ತಿಂಗಳ ಮಟ್ಟಿಗೆ ತರಬೇತಿಗೆ ಹೋಗಿದ್ದೆ. ಅಲ್ಲಿ ಸಿಎನ್‌ಸಿ ಲೇತ್ ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರ್ ಒಬ್ಬರು ಊಟದ ಡಬ್ಬಿ ತೆರೆಯುತ್ತಿದ್ದವರು ಥಟ್ಟನೆ ಎದ್ದು ಹೋಗಿ ಮೆಷಿನ್ ನಿಲ್ಲಿಸಿದರು. 'ಟೂಲ್ ಸವೆದಿದೆ ಕಣಪ್ಪ, ಸೌಂಡೇ ಹೇಳ್ತಿದೆ' ಅಂದರು. ನನಗೆ ಏನೂ ವ್ಯತ್ಯಾಸ ಕೇಳಿಸಿರಲಿಲ್ಲ. ಬಿಚ್ಚಿ ನೋಡಿದರೆ ಟೂಲಿನ ಅಂಚು ನಿಜಕ್ಕೂ ಹೋಗಿತ್ತು.

ಇವತ್ತು ಅದೇ ಕೆಲಸಕ್ಕೆ ಕಂಪನ ಅಳೆಯುವ ಸೆನ್ಸರ್ ಬಂದಿದೆ. ಇಂಥದ್ದನ್ನೆಲ್ಲ ಸೇರಿಸಿ 'ಸ್ಮಾರ್ಟ್ ಉತ್ಪಾದನೆ' ಅನ್ನುತ್ತಾರೆ. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಇದಕ್ಕೆ 'ಇಂಡಸ್ಟ್ರಿ 4.0' ಅನ್ನೋ ಹೆಸರೂ ಸಿಕ್ಕಿತು. ಹೆಸರು ದೊಡ್ಡದು, ಒಳಗಿರುವ ಸಂಗತಿ ಅಷ್ಟೇನೂ ಕಷ್ಟದ್ದಲ್ಲ.

ಚಿತ್ರದಿಂದ ಲೋಹದವರೆಗೆ

ಮೊದಲ ಹಂತ ಕ್ಯಾಡ್. ತಯಾರಾಗಬೇಕಾದ ಬಿಡಿಭಾಗವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ರೂಪಿಸುವುದು. ಒಂದು ತೂತಿನ ಅಳತೆ ಬದಲಿಸಿದರೆ ಅದಕ್ಕೆ ಜೋಡಿಸಿರುವ ಅಳತೆಗಳೂ ತಾನಾಗಿ ಬದಲಾಗುತ್ತವೆ. 1963ರಲ್ಲಿ ಎಂಐಟಿಯ ಐವಾನ್ ಸದರ್‌ಲ್ಯಾಂಡ್ ರೂಪಿಸಿದ 'ಸ್ಕೆಚ್‌ಪ್ಯಾಡ್' ಇದರ ಪೂರ್ವಜ. 1982ರಲ್ಲಿ ಬಂದ ಆಟೋಕ್ಯಾಡ್ ಇದನ್ನು ಸಾಮಾನ್ಯ ಪಿಸಿಗೆ ತಂದಿತು.

ಎರಡನೆಯದು ಕ್ಯಾಮ್. ಟೂಲ್ ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಚಲಿಸಬೇಕು ಎಂದು ಲೆಕ್ಕ ಹಾಕಿ ಅದನ್ನು ಜಿ-ಕೋಡ್ ಆಗಿ ಬರೆಯುತ್ತದೆ. ಜಿ00 ಅಂದರೆ ಬೇಗ ಆ ಜಾಗಕ್ಕೆ ಹೋಗು, ಜಿ01 ಅಂದರೆ ನೇರ ಗೆರೆಯಲ್ಲಿ ಕೊರೆಯುತ್ತಾ ಹೋಗು. ಸಿಎನ್‌ಸಿ ಮೆಷಿನ್ ಆ ಆದೇಶಗಳನ್ನು ಸಾಲುಸಾಲಾಗಿ ಪಾಲಿಸುತ್ತದೆ.

ಮೂರನೆಯದೇ 'ಸ್ಮಾರ್ಟ್' ಭಾಗ. ಶಾಖ, ಕಂಪನ, ವಿದ್ಯುತ್ ಬಳಕೆಯ ಮಾಹಿತಿಯನ್ನು ಸೆನ್ಸರ್‌ಗಳು ನಿರಂತರವಾಗಿ ಕಳಿಸುತ್ತಿರುತ್ತವೆ. ಅದರಿಂದ ಮೆಷಿನ್ನಿನ ಒಂದು ಪ್ರತಿರೂಪ ಕಂಪ್ಯೂಟರಿನಲ್ಲಿ ಓಡುತ್ತಿರುತ್ತದೆ. ಅದೇ ಡಿಜಿಟಲ್ ಟ್ವಿನ್. ಕೆಡುವ ಮೊದಲೇ ಸುಳಿವು ಸಿಗುತ್ತದೆ, ಮಾಲು ವ್ಯರ್ಥವಾಗುವುದು ತಪ್ಪುತ್ತದೆ. ಈ ಲಾಭ ನಿಜ, ಅದರಲ್ಲಿ ನನಗೆ ತಕರಾರಿಲ್ಲ.

ಬೇರೆ ದಾರಿಯೂ ಇತ್ತು

ತಂತ್ರಜ್ಞಾನ ತನ್ನಷ್ಟಕ್ಕೆ ತಾನೇ ಬೆಳೆಯುತ್ತೆ, ನಾವು ಹೊಂದಿಕೊಳ್ಳಬೇಕು ಅಷ್ಟೆ ಅಂತ ಕಾಲೇಜಿನಲ್ಲಿ ನಾನೂ ನಂಬಿದ್ದೆ. ಇತಿಹಾಸ ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

1940ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ 'ರೆಕಾರ್ಡ್-ಪ್ಲೇಬ್ಯಾಕ್' ಪದ್ಧತಿಯನ್ನು ರೂಪಿಸಿತ್ತು. ನುರಿತ ಕೆಲಸಗಾರ ಒಂದು ಭಾಗ ತಯಾರಿಸುವಾಗ ಮೆಷಿನ್ನಿನ ಚಲನೆ ಟೇಪಿನಲ್ಲಿ ದಾಖಲಾಗುತ್ತಿತ್ತು. ಆಮೇಲೆ ಮೆಷಿನ್ ಅದನ್ನೇ ಪುನರಾವರ್ತಿಸುತ್ತಿತ್ತು. ಅಂದರೆ ಪ್ರೋಗ್ರಾಂ ಬರೆಯುವವನು ಕೆಲಸಗಾರನೇ. ಆದರೆ ಗೆದ್ದದ್ದು ಎಂಐಟಿ 1952ರಲ್ಲಿ ಪ್ರದರ್ಶಿಸಿದ ಸಂಖ್ಯಾ ನಿಯಂತ್ರಣ. ಅದರ ಬೆನ್ನಿಗೆ ಅಮೆರಿಕದ ವಾಯುಪಡೆಯ ಹಣವಿತ್ತು. ಅಲ್ಲಿ ಪ್ರೋಗ್ರಾಂ ಸಿದ್ಧವಾಗುವುದು ಕಚೇರಿಯಲ್ಲಿ, ಕೆಲಸಗಾರನ ಪಾಲಿಗೆ ಉಳಿಯುವುದು ಬಟನ್. ಈ ಆಯ್ಕೆಯ ಹಿಂದೆ ಬರೀ ದಕ್ಷತೆಯ ಲೆಕ್ಕ ಇರಲಿಲ್ಲ, ಶಾಪ್ ಫ್ಲೋರ್ ಮೇಲಿನ ಹಿಡಿತವನ್ನು ಆಡಳಿತ ತನ್ನ ಕೈಗೆ ತಂದುಕೊಳ್ಳುವ ಆಸೆಯೂ ಇತ್ತು ಎಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ 'ಫೋರ್ಸಸ್ ಆಫ್ ಪ್ರೊಡಕ್ಷನ್' ಪುಸ್ತಕದಲ್ಲಿ ವಾದಿಸಿದರು.

ಈಗ ಮಾಲೀಕನೂ ಬಾಡಿಗೆದಾರ

ಆ ಹಿಡಿತ ಈಗ ಇನ್ನೂ ಮೇಲಕ್ಕೆ ಹೋಗಿದೆ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್, 2016ರಲ್ಲಿ ತನ್ನ ಬಹುತೇಕ ಉತ್ಪನ್ನಗಳಿಗೆ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಇನ್ನೇನಿದ್ದರೂ ಚಂದಾ ಕಟ್ಟಬೇಕು, ಕಟ್ಟದಿದ್ದರೆ ಸಾಫ್ಟ್‌ವೇರ್ ಬಂದ್. ನಾಲ್ಕೈದು ಮೆಷಿನ್ ಇಟ್ಟುಕೊಂಡಿರುವ ಸಣ್ಣ ಉದ್ಯಮಿಗೆ ಇದು ಮುಗಿಯದ ಬಾಡಿಗೆ. ಎಸ್‌ಟಿಇಪಿ ಎಂಬ ತಟಸ್ಥ ಫೈಲ್ ಮಾದರಿ ಇದೆ, ಫ್ರೀಕ್ಯಾಡ್ ಥರದ ಮುಕ್ತ ತಂತ್ರಾಂಶವೂ ಇದೆ. ಆದರೆ ತಟಸ್ಥ ಫೈಲಿನಲ್ಲಿ ಸಾಮಾನ್ಯವಾಗಿ ಆಕಾರ ದಾಟಿ ಬರುತ್ತದೆ, ಅದನ್ನು ಹಂತಹಂತವಾಗಿ ಕಟ್ಟಿದ ಇತಿಹಾಸ ಬರುವುದಿಲ್ಲ. ಬೇರೆ ತಂತ್ರಾಂಶಕ್ಕೆ ಹೋದವನು ಎಷ್ಟೋ ಕೆಲಸವನ್ನು ಮತ್ತೆ ಮಾಡಬೇಕು.

ಕೆಲಸಗಾರನ ಸ್ಥಿತಿ? 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ, ಛಾಟಣಿಗೆ ದಾರಿಯಾಗಬಹುದಾದಂಥ ಯಂತ್ರ ಅಥವಾ ವಿಧಾನದ ಸುಧಾರಣೆ ತರುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಕೆಲಸ ಹೋಗದೆ ಕಸುಬು ಮಾತ್ರ ಹೋದರೆ? ಟೂಲ್ ಯಾವಾಗ ಬದಲಿಸಬೇಕು ಎಂದು ಹತ್ತಾರು ವರ್ಷ ತೋರಿಸಿಕೊಟ್ಟವರ ತೀರ್ಮಾನಗಳೇ ಡೇಟಾ ಆಗಿ, ಆ ಡೇಟಾ ಇನ್ನೊಬ್ಬರ ಆಸ್ತಿಯಾದರೆ? ಆ ನೋಟಿಸಿನ ನಿಯಮ ಅದನ್ನು ಕೇಳುವುದೇ ಇಲ್ಲ.

ಹಾಗಂತ ಸೆನ್ಸರ್ ಕಿತ್ತು ಬಿಸಾಕಿ ಅಂತ ನಾನು ಹೇಳುತ್ತಿಲ್ಲ. ಅದರ ಪರದೆ ಆಪರೇಟರ್ ಮುಂದೆಯೂ ಇರಲಿ, ಪ್ರೋಗ್ರಾಂ ತಿದ್ದುವ ತರಬೇತಿ ಮತ್ತು ಅಧಿಕಾರ ಅವರಿಗೂ ಸಿಗಲಿ, ಇದರಿಂದ ಬರುವ ಲಾಭದಲ್ಲಿ ಅವರ ಪಾಲು ಎಷ್ಟು ಎಂಬುದು ಸಂಘದ ಒಪ್ಪಂದದಲ್ಲಿ ಬರಲಿ. 'ಸ್ಮಾರ್ಟ್' ಕಾರ್ಖಾನೆಗೆ ಸರ್ಕಾರ ಸಬ್ಸಿಡಿ ಘೋಷಿಸಿದಾಗಲೆಲ್ಲ ನಾವು ಕೇಳಬೇಕಾದ್ದು ಇದನ್ನೇ. ಊಟ ಬಿಟ್ಟು ಎದ್ದು ಹೋದ ಆ ಹಿರಿಯರ ಕಿವಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಸೆನ್ಸರ್‌ಗಾದರೆ ತಿಂಗಳು ತಿಂಗಳು ಚಂದಾ ಕಟ್ಟುತ್ತಿದ್ದೇವೆ.