ದೃಷ್ಟಿಪರೀಕ್ಷಕರೂ ನೇತ್ರವೈದ್ಯರೂ

ದೃಷ್ಟಿಯನ್ನಳೆದು ಕನ್ನಡಕ ಕೊಡುವವನ ಅಧಿಕಾರವು ಎಲ್ಲಿ ಮುಗಿದು ನೇತ್ರವೈದ್ಯನದು ಎಲ್ಲಿ ಮೊದಲಾಗತಕ್ಕುದೆಂಬ ವಿವಾದವು ಅಮೆರಿಕಾದಲ್ಲಿ ಮೂರು ಡಾಲರುಗಳಿಂದ ಹುಟ್ಟಿತೆಂದರೆ ಹೆಚ್ಚು ತಪ್ಪಾಗಲಾರದು. ನ್ಯೂಯಾರ್ಕಿನ ಚಾರ್ಲ್ಸ್ ಪ್ರೆಂಟಿಸನು ಕನ್ನಡಕದ ವ್ಯಾಪಾರಿಯಾಗಿದ್ದರೂ ದೃಗ್ವಿಜ್ಞಾನದಲ್ಲಿ ನಿಷ್ಣಾತನಾಗಿದ್ದನು. ಮಸೂರಗಳನ್ನು ಕುರಿತ ಸೂತ್ರವೊಂದು ಇಂದಿಗೂ ಅವನ ಹೆಸರಿನಿಂದಲೇ ನಡೆಯುತ್ತಿದೆ. 1892ರಲ್ಲಿ ಅವನು ರೋಗಿಯೊಬ್ಬನನ್ನು ಹೆನ್ರಿ ನಾಯ್ಸನೆಂಬ ನೇತ್ರವೈದ್ಯನ ಬಳಿಗೆ ಕಳುಹಿಸಿದನು. ಪರೀಕ್ಷೆಗೆಂದು ಪ್ರೆಂಟಿಸನು ಮೂರು ಡಾಲರು ಪಡೆದುದು ವೈದ್ಯನಿಗೆ ಸರಿಕಾಣಲಿಲ್ಲ. ವ್ಯಾಪಾರಿಯು ಸರಕಿಗೆ ಬೆಲೆ ಪಡೆಯಬಹುದು, ವಿದ್ಯೆಗೆ ಪಡೆಯಕೂಡದೆಂದಂತಾಯಿತು! ಕಾನೂನಿನ ಆಸರೆಯಿಲ್ಲದೆ ತನ್ನ ವೃತ್ತಿಗೆ ಉಳಿವಿಲ್ಲವೆಂಬುದನ್ನು ಪ್ರೆಂಟಿಸನು ಆಗ ಮನಗಂಡನು. ಮೊದಲ ಶಾಸನವು 1901ರಲ್ಲಿ ಮಿನೆಸೋಟಾದಲ್ಲಿಯೂ, ಅವನ ನ್ಯೂಯಾರ್ಕಿನದು 1908ರಲ್ಲಿಯೂ ಆದುವು.

ಬಳಿಕ ಎಲ್ಲೆಯು ಮೆಲ್ಲಮೆಲ್ಲನೆ ಸರಿಯಿತು. ಪರೀಕ್ಷೆಗಾಗಿ ಕಣ್ಣಿಗೆ ಔಷಧ ಹಾಕುವ ಅಧಿಕಾರವನ್ನು 1971ರಲ್ಲಿ ರೋಡ್ ಐಲೆಂಡೂ, ಚಿಕಿತ್ಸೆಗಾಗಿ ಹಾಕುವುದನ್ನು 1976ರಲ್ಲಿ ವೆಸ್ಟ್ ವರ್ಜೀನಿಯವೂ ಕೊಟ್ಟುವು. 1998ರಲ್ಲಿ ಓಕ್ಲಹೋಮಾ ಸಂಸ್ಥಾನವು ಲೇಸರ್ ಕಿರಣವನ್ನೇ ದೃಷ್ಟಿಪರೀಕ್ಷಕರ ಕೈಗಿತ್ತಿತು.

ಪೊರೆ ತೆಗೆದು ಕೃತಕ ಮಸೂರವನ್ನಿಟ್ಟ ಮೇಲೆ, ಅದರ ಹಿಂದಣ ತೆಳುಚೀಲವು ಕೆಲವರಲ್ಲಿ ಮಸುಕಾಗಿ ನೋಟವು ಮತ್ತೆ ಮಬ್ಬಾಗುವುದುಂಟು. ಲೇಸರ್ ಕಿರಣವು ಕತ್ತಿಯ ಸೋಂಕಿಲ್ಲದೆ ಕೆಲವೇ ನಿಮಿಷಗಳಲ್ಲಿ ಅದರಲ್ಲಿ ಕಿಂಡಿ ತೆರೆಯುತ್ತದೆ. ಇಷ್ಟಕ್ಕಾಗಿ ಹಳ್ಳಿಯ ಮುದುಕರು ದೂರದ ಪಟ್ಟಣಕ್ಕೆ ಅಲೆಯಬೇಕೆ ಎಂಬುದು ಪರೀಕ್ಷಕರ ಪ್ರಶ್ನೆ. ಕತ್ತಿಯಿಲ್ಲದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯಲ್ಲವೆನ್ನಲಾಗದು, ವೈದ್ಯಶಾಲೆಯ ಓದು ಮುಗಿದ ಮೇಲೆಯೂ ತಾವು ವರ್ಷಗಟ್ಟಲೆ ಪಳಗಿದವರು ಎಂಬುದು ವೈದ್ಯರ ಉತ್ತರ. ಎರಡರಲ್ಲಿಯೂ ನಿಜವಿದೆ, ಎರಡರಲ್ಲಿಯೂ ಸಂಪಾದನೆಯ ಚಿಂತೆಯೂ ಇಲ್ಲದಿಲ್ಲ.

ಓಕ್ಲಹೋಮಾದಲ್ಲಿ ಗ್ಲಾಕೋಮಾ ರೋಗಕ್ಕೆ ಲೇಸರ್ ಮಾಡಿಸಿಕೊಂಡವರ ಲೆಕ್ಕವು 2016ರಲ್ಲಿ ಪ್ರಕಟವಾಯಿತು. ಮತ್ತೊಮ್ಮೆ ಅದೇ ಚಿಕಿತ್ಸೆ ಬೇಕಾದ ಕಣ್ಣುಗಳು ವೈದ್ಯರಲ್ಲಿ ನೂರಕ್ಕೆ 15ರಷ್ಟು, ಪರೀಕ್ಷಕರಲ್ಲಿ 36ರಷ್ಟು. ತಾವು ಅರ್ಧಭಾಗಕ್ಕೆ ಮೊದಲು ಮಾಡಿ ಉಳಿದರ್ಧವನ್ನು ಬೇಕೆಂದೇ ಮುಂದಕ್ಕಿಡುವ ಕಾರಣ ಹಾಗಾಯಿತೆಂದು ಪರೀಕ್ಷಕರ ಪಕ್ಷವು ಹೇಳಿತು. ಈ ಸಮಾಧಾನವನ್ನು ತಳ್ಳಿಹಾಕಲಾಗದಾದರೂ, ಅಂತರವು ಇಷ್ಟು ದೊಡ್ಡದಾಗಿರುವಾಗ ಮಾತಿನಿಂದಲೇ ತೃಪ್ತಿಪಡುವುದು ಕಷ್ಟ.

ಅಷ್ಟರಲ್ಲಿ 2011ರಲ್ಲಿ ಕೆಂಟಕಿಯೂ 2014ರಲ್ಲಿ ಲೂಸಿಯಾನವೂ ಓಕ್ಲಹೋಮಾದ ದಾರಿ ಹಿಡಿದಿದ್ದುವು. 2019ರಲ್ಲಿ ಅರ್ಕನ್ಸಾವು ಅದೇ ಶಾಸನ ಮಾಡಲು, ವಿರೋಧಿಗಳು ಜನರ ಮತಕ್ಕೇ ಅದನ್ನು ಒಡ್ಡಬೇಕೆಂದು ಸಹಿ ಕೂಡಿಸಿದರು. ಸಹಿ ಸಂಗ್ರಹಿಸಿದವರನ್ನು ಕುರಿತ ಪ್ರಮಾಣಪತ್ರವು ನಿಯಮದಂತಿಲ್ಲವೆಂದು 2020ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಅವನ್ನು ತಿರಸ್ಕರಿಸಿತು. ಶಾಸನವು ನಿಂತಿತು, ಜನರ ಮತವು ಮಾತ್ರ ನಡೆಯಲಿಲ್ಲ.