ಕಲ್ಲಿನ ರಥದ ಮೇಲಿದ್ದ ಇಟ್ಟಿಗೆ ಗೋಪುರ

ಜೇಬಿನಲ್ಲಿ ಹೊಸ 50 ರೂಪಾಯಿ ನೋಟಿದ್ದರೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ, ಅದರ ನೆತ್ತಿ ಬರಿದು. 1856ರ ಫೋಟೊ ಒಂದರಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ಉತ್ಸವದ ವರದಿಗೆ ಹೋದಾಗಲೆಲ್ಲ ನಾವು ಆ ರಥದ ಫೋಟೊ ಹೊಡೆದು ಕಳಿಸಿದ್ದೇವೆ. ಮೇಲೆ ಇನ್ನೇನಾದರೂ ಇತ್ತೇ ಎಂದು ಒಮ್ಮೆಯೂ ಕೇಳಲಿಲ್ಲ.

1856ರ ಆ ಫೋಟೊ ತೆಗೆದವರು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಹಂಪಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಅವರ ನೆಗೆಟಿವ್‌ಗಳೆಲ್ಲ ಕಾಗದದವು, ಒಂದೊಂದೂ ಸುಮಾರು 16x18 ಇಂಚು. ಇಷ್ಟು ದೊಡ್ಡದೇಕೆಂದರೆ ಆಗ ಚಿತ್ರವನ್ನು ಹಿಗ್ಗಿಸುವ ರೂಢಿ ಇರಲಿಲ್ಲ. ನೆಗೆಟಿವನ್ನು ಇನ್ನೊಂದು ಕಾಗದಕ್ಕೆ ಒತ್ತಿ ಹಿಡಿದು ಬಿಸಿಲಿಗಿಟ್ಟು ಪ್ರಿಂಟ್ ತೆಗೆಯುತ್ತಿದ್ದರು. ದೊಡ್ಡ ಚಿತ್ರ ಬೇಕಾದರೆ ಅಷ್ಟೇ ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ಮರದ ಕ್ಯಾಮೆರಾ.

ಈ ವಿದ್ಯೆಗೆ 1841ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಟಾಲ್ಬಟ್. ಒಳ್ಳೆಯ ಬರೆಯುವ ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚಿ ಕ್ಯಾಮೆರಾದಲ್ಲಿಡುವುದು. ಹೊರತೆಗೆದಾಗ ಕಣ್ಣಿಗೆ ಹೆಚ್ಚೇನೂ ಕಾಣುವುದಿಲ್ಲ, ಔಷಧಿ ಬಳಿದ ಮೇಲೆ ಚಿತ್ರ ಮೂಡುತ್ತದೆ. ಬೆಳಕು ಸಲೀಸಾಗಿ ಹಾಯಲೆಂದು ಕಾಗದಕ್ಕೆ ಮೇಣ ಸವರುತ್ತಿದ್ದರು. 1851ರಲ್ಲಿ ಫ್ರಾನ್ಸಿನ ಲ ಗ್ರೇ ಮೊದಲೇ ಮೇಣ ಸವರುವ ದಾರಿ ತೋರಿಸಿದರು. ಅಂಥ ಕಾಗದವನ್ನು ಮನೆಯಲ್ಲೇ ತಯಾರಿಸಿ, ಒಣಗಿಸಿ, ಕೆಲವು ದಿನ ಬಿಟ್ಟು ಬಳಸಬಹುದಿತ್ತು.

ಅದೇ 1851ರಲ್ಲಿ ಗಾಜಿನ ನೆಗೆಟಿವ್ ಕೂಡ ಬಂತು. ಚಿತ್ರ ಬಹಳ ಸ್ಪಷ್ಟ. ಆದರೆ ಗಾಜಿಗೆ ಬಳಿದ ಕೊಲೋಡಿಯನ್ ಹಸಿಯಾಗಿರುವಾಗಲೇ ಫೋಟೊ ತೆಗೆದು ತೊಳೆಯಬೇಕಿತ್ತು. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತಿತ್ತು. ಡಾರ್ಕ್‌ರೂಮನ್ನೇ ಡೇರೆಯಲ್ಲಿ ಹೊತ್ತು ತರಬೇಕು, ಗಾಜು ಭಾರ, ಎತ್ತಿನ ಗಾಡಿ ಕುಲುಕಿದರೆ ಒಡೆಯುವ ಭಯ ಬೇರೆ. ಇಂಡಿಯಾದಲ್ಲಿ ಕಾಗದ ಇನ್ನೂ ಹಲವು ವರ್ಷ ಉಳಿದದ್ದಕ್ಕೆ ಇದೇ ಕಾರಣ. 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡಿನ ಫೋಟೊ ತೆಗೆದ ಲಿನೇಯಸ್ ಟ್ರೈಪ್ ಕೂಡ ಕಾಗದವನ್ನೇ ನೆಚ್ಚಿದ್ದವರು.

ಕಾಗದದ ದೋಷಗಳೂ ಇದ್ದವು. ಅದರ ನಾರು ಪ್ರಿಂಟಿನಲ್ಲಿ ಸಣ್ಣಗೆ ಕಾಣುತ್ತದೆ. ಮಸೂರದ ಮುಚ್ಚಳ ನಿಮಿಷಗಟ್ಟಲೆ ತೆರೆದಿರಬೇಕಾದ್ದರಿಂದ ನಡೆದು ಹೋದವರು ಚಿತ್ರದಲ್ಲಿ ಉಳಿಯುವುದಿಲ್ಲ. ಹಾಗಾಗಿ ಅಂದಿನ ಫೋಟೊ ನೋಡಿ ಊರಿಗೆ ಊರೇ ಖಾಲಿ ಇತ್ತು ಎಂದು ಬರೆಯುವುದು ತಪ್ಪು. ನೀಲಿ ಆಕಾಶವಂತೂ ಬೆಳ್ಳಗೆ ಸುಟ್ಟುಹೋಗುತ್ತದೆ. 1855ರ ಬರ್ಮಾ ಚಿತ್ರಗಳಲ್ಲಿ ಟ್ರೈಪ್ ನೆಗೆಟಿವ್ ಮೇಲೆ ಕುಂಚದಿಂದ ಮೋಡ ಬರೆದದ್ದು ಇದಕ್ಕೇ. ಸುದ್ದಿಮನೆಯಲ್ಲಿ ಇವತ್ತು ಹಾಗೆ ಮಾಡಿದರೆ ನಮ್ಮ ಕೆಲಸ ಹೋಗುತ್ತದೆ!

ಡಿಪ್ಲೊಮಾ ಓದುವಾಗ ನಾವು ಮೂವರು ಇದನ್ನು ಮಾಡಿ ನೋಡಿದ್ದೆವು. ತಾಲ್ಲೂಕಿನ ಹಳೆಯ ಸ್ಟುಡಿಯೊದಲ್ಲಿ ಮರದ ಕ್ಯಾಮೆರಾ ಇತ್ತು, ಅದಕ್ಕೆ ಹಾಕುವ ಶೀಟ್ ಫಿಲ್ಮ್ ಇರಲಿಲ್ಲ. ಪ್ರಿಂಟ್ ಹಾಕುವ ಬ್ರೊಮೈಡ್ ಪೇಪರನ್ನೇ ಕೆಂಪು ದೀಪದಲ್ಲಿ ಕತ್ತರಿಸಿ ಒಳಗಿಟ್ಟೆವು. ನೆರಳಲ್ಲಿ ಕುಳಿತ ಸ್ಟುಡಿಯೊ ಯಜಮಾನರ ತಾಯಿ ಕೆಲವು ಸೆಕೆಂಡು ಅಲುಗಾಡದೆ ಇರಬೇಕಾಯಿತು. ಆ ಪೇಪರಿಗೆ ಕೆಂಪು ಕಾಣುವುದಿಲ್ಲ, ಕೆಂಪು ದೀಪದಲ್ಲಿ ಅದನ್ನು ಮುಟ್ಟಬಹುದಾದದ್ದೂ ಅದಕ್ಕೇ. ಪ್ರಿಂಟಿನಲ್ಲಿ ಅಜ್ಜಿಯ ಕುಂಕುಮ ಕಪ್ಪಾಗಿ ಬಂತು. ಅಜ್ಜಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ.

ಗ್ರೀನ್‌ಲಾ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಬೆಳಕಿಗೆ ಬಂದ ಮೇಲೆ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಹೂಡಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಬಿತ್ತು, ಯಾವುದನ್ನು ಕೆಡವಿದರು ಎಂದು ಕಂಬ ಕಂಬವಾಗಿ ಲೆಕ್ಕ ಹಾಕಬಹುದು.

ಕಳೆದ ಸಲ ರಥದ ಹತ್ತಿರ ಗೈಡ್ ಒಬ್ಬರಿಗೆ ಮೊಬೈಲಿನಲ್ಲಿ 1856ರ ಫೋಟೊ ತೋರಿಸಿದೆವು. ಬಹಳ ಹೊತ್ತು ನೋಡಿದರು. "ಇದರದ್ದೊಂದು ಪ್ರಿಂಟ್ ತಂದುಕೊಡ್ರಿ ಸರ, ಬಂದವರಿಗೆ ತೋರಸ್ತೀನಿ" ಎಂದರು. ಮುಂದಿನ ಸಲ ಒಯ್ಯಬೇಕು.