ಕಪ್ಪು ಪಟ್ಟಿಯಿಂದ ಕಪ್ಪು ಚುಕ್ಕಿಗೆ

ನಾಗಪುರದಲ್ಲಿ ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಓದುವುದೆಂದರೆ ಈಗ ಬಹುಮಟ್ಟಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ತಯಾರಾಗುವುದು ಎಂದೇ ಅರ್ಥ. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧಪಾಲು ಜೀವಶಾಸ್ತ್ರದ್ದು. ಮಕ್ಕಳು ವಿಜ್ಞಾನ ಕಲಿಯದೆ ಉತ್ತರದ ಹಾಳೆಯಲ್ಲಿ ಕಪ್ಪು ಚುಕ್ಕಿಯ ಗುರುತು ಹಾಕುವುದನ್ನಷ್ಟೇ ಕಲಿಯುತ್ತಿದ್ದಾರೆ ಎಂದು ಕೊರಗುವವರು ಕೋಚಿಂಗ್ ಕ್ಲಾಸುಗಳನ್ನು ದೂರುತ್ತಾರೆ. ಊರಿನ ಚರಿತ್ರೆ ನೋಡಿದರೆ ಆ ದೂರು ತಪ್ಪು ವಿಳಾಸಕ್ಕೆ ಹೋಗಿದೆ ಅನಿಸುತ್ತದೆ. ವೈದ್ಯಕೀಯ ಸೀಟಿನ ಬೀಗದ ಕೈ ಯಾವ ಪರೀಕ್ಷೆಯ ಬಳಿ ಇತ್ತೋ, ಇಲ್ಲಿನ ಓದು ಆಯಾ ಕಾಲಕ್ಕೆ ಆ ಪರೀಕ್ಷೆಯ ಅಚ್ಚಿಗೇ ಇಳಿದಿದೆ. ಕ್ಲಾಸುಗಳು ಆ ಅಚ್ಚಿನ ವ್ಯಾಪಾರಿಗಳು. ಅದನ್ನು ಎರಕ ಹೊಯ್ದವರು ಬೇರೆ.

ಈ ಊರಿಗೆ ಜೀವಜಗತ್ತನ್ನು ಕಣ್ಣಾರೆ ನೋಡುವ ಹಳೆಯ ಪರಂಪರೆಯಿದೆ. 1840ರ ದಶಕದಲ್ಲಿ ಬಂದ ಮಿಷನರಿ ಸ್ಟೀಫನ್ ಹಿಸ್ಲಾಪ್ ಟಾಕಳಿಯ ಸುತ್ತಮುತ್ತ ಬಂಡೆ ಕೆದಕಿ ಪಳೆಯುಳಿಕೆ ಆರಿಸಿದವರು. ಅವರ ಹೆಸರಿನ ಕಾಲೇಜು 1883ರಲ್ಲಿ, ವಿಕ್ಟೋರಿಯಾ ವಿಜ್ಞಾನ ಕಾಲೇಜು 1906ರಲ್ಲಿ, ನಾಗಪುರ ವಿಶ್ವವಿದ್ಯಾಲಯ 1923ರಲ್ಲಿ ಬಂದವು. 1947ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆದಾಗ ಅದರ ಹೊಸ್ತಿಲಿಗೆ ಪದವಿಗೂ ಮುಂಚಿನ ಇಂಟರ್ ಸೈನ್ಸ್ ದಾಟಿಯೇ ಹೋಗಬೇಕಿತ್ತು; ಪ್ರಾಯೋಗಿಕ ಪರೀಕ್ಷೆಯೂ ಆ ದಾರಿಯಲ್ಲೇ ಇತ್ತು. ಅಂದಿನ ಪ್ರಯೋಗಶಾಲೆಗಳ ಒಂದು ಪಾಠವನ್ನೇ ನೋಡಿ. ಜಿರಳೆಯನ್ನು ಮೇಣದ ತಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ, ನೀರು ಹೊಯ್ದು, ಬೆನ್ನಿನ ಹೊದಿಕೆ ಕತ್ತರಿಸಿ, ಕರುಳನ್ನೂ ಬೆಳ್ಳನೆಯ ಕೊಬ್ಬನ್ನೂ ಸರಿಸಿದರೆ ತಳದಲ್ಲಿ ಎಳೆಯಷ್ಟು ತೆಳ್ಳಗೆ ನರಹುರಿ. ಬಿಳಿಯ ನಡುವಿನ ಬಿಳಿ, ಕಣ್ಣಿಗೆ ಸಿಕ್ಕದು. ಅದರಡಿಗೆ ಕಪ್ಪು ಕಾಗದದ ಸಣ್ಣ ಪಟ್ಟಿ ತೂರಿಸಿದ ಮೇಲೆ ಪರೀಕ್ಷಕರನ್ನು ಕರೆಯಬೇಕು. ನರ ಹರಿದರೆ ಅಂಕವೂ ಹರಿಯಿತು. ಬೆರಳು ಪಳಗದೆ ದಾಟಲಾಗದ ಪರೀಕ್ಷೆಯಾದ್ದರಿಂದ ತಯಾರಿಯೂ ಬೆರಳಿನದೇ ಆಗಿತ್ತು.

1970ರ ದಶಕದಲ್ಲಿ ಮಹಾರಾಷ್ಟ್ರಕ್ಕೆ 10+2 ಪದ್ಧತಿ ಬಂದಿತು. ಹನ್ನೆರಡನೆಯ ತರಗತಿಯ ಎಚ್‌ಎಸ್‌ಸಿ ಬೋರ್ಡಿನ ಜೀವಶಾಸ್ತ್ರದಲ್ಲಿ ಇಂದಿಗೂ 70 ಅಂಕ ಬರಹಕ್ಕೆ, 30 ಪ್ರಯೋಗಕ್ಕೆ. ಜರ್ನಲ್, ಸ್ಲೈಡ್, ಚಿತ್ರ, ಮೌಖಿಕ ಯಾವುದೂ ಹೋಗಿಲ್ಲ. ಅವುಗಳ ತೂಕ ಮಾತ್ರ ಹೋಗಿದೆ. 2013ರಲ್ಲಿ ಮೊದಲು ನಡೆದು, ನ್ಯಾಯಾಲಯದಲ್ಲಿ ಬಿದ್ದು, 2016ರಲ್ಲಿ ಮರಳಿದ ನೀಟ್‌ನ ರ್‍ಯಾಂಕಿನಲ್ಲಿ ಆ 30 ಅಂಕಕ್ಕೆ ಬಿಡಿಗಾಸಿನ ಬೆಲೆಯಿಲ್ಲ. ಮೂರು ಗಂಟೆ, ಪ್ರಶ್ನೆಗೊಂದು ನಿಮಿಷ, ತಪ್ಪಿದರೆ ಒಂದಂಕ ಕಡಿತ. ಹೀಗಿರುವಾಗ ಸೂಕ್ಷ್ಮದರ್ಶಕದ ಮುಂದೆ ಕೂತ ಹೊತ್ತು ವ್ಯರ್ಥವೆಂದು ಹುಡುಗಿಯೊಬ್ಬಳು ಲೆಕ್ಕ ಹಾಕಿದರೆ ಅವಳ ಲೆಕ್ಕದಲ್ಲಿ ತಪ್ಪಿಲ್ಲ.

ಹಳೆಯದನ್ನು ಹೊಗಳುವುದು ಸುಲಭ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಗಲೂ ಟಿಪ್ಪಣಿ ಉರುಹೊಡೆಯುವವರಿದ್ದರು. ಪ್ರಾಯೋಗಿಕ ಅಂಕಗಳಲ್ಲಿ ಪರೀಕ್ಷಕರ ಮರ್ಜಿಗೂ ಎಡೆಯಿತ್ತು. ಗಡಚಿರೋಲಿಯ ಹಳ್ಳಿಯಿಂದ ಬಂದವನಿಗೆ ಪ್ರಯೋಗಶಾಲೆಯ ಪಳಗಿಕೆಗಿಂತ ಎಲ್ಲರಿಗೂ ಒಂದೇ ಆದ ಪ್ರಶ್ನೆಪತ್ರಿಕೆ ಹೆಚ್ಚು ದಯೆಯದು. ಒಪ್ಪೋಣ. ಆದರೆ ಅದೇ ಪ್ರಶ್ನೆಪತ್ರಿಕೆಗೆ ತಯಾರಾಗಲು ಅವನು ನಗರದಲ್ಲಿ ಕೋಣೆ ಹಿಡಿದು ಶುಲ್ಕ ತೆರಬೇಕಾಗಿ ಬಂದರೆ ಸಮಾನತೆ ಅರ್ಧ ದಾರಿಯಲ್ಲೇ ನಿಂತಂತೆ. ಬೇರೆ ದಾರಿ ಇಲ್ಲದಿಲ್ಲ: ಕರ್ನಾಟಕದ ಸಿಇಟಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕಗಳನ್ನೂ ಅರ್ಧದಷ್ಟು ಹಿಡಿದುಕೊಂಡು ಬಂದಿದೆ. ಪ್ರಾಣಿಗಳನ್ನು ಕೊಯ್ಯುವ ಕಾಲ ಮರಳಬೇಕೆಂಬ ವಾದವೂ ಇದಲ್ಲ. ಅದು ನಿಂತದ್ದು ಒಳ್ಳೆಯದೇ. ಈರುಳ್ಳಿಯ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿ, ಒಡೆಯುತ್ತಿರುವ ಕೋಶ ಯಾವುದೆಂದು ಹುಡುಕುವುದಕ್ಕೆ ಯಾವ ಜೀವವನ್ನೂ ಕೊಲ್ಲಬೇಕಿಲ್ಲ. ಆ ಹುಡುಕಾಟಕ್ಕೆ ರ್‍ಯಾಂಕಿನಲ್ಲಿ ನಾಲ್ಕು ಅಂಕ ಇಟ್ಟರೆ, ಮರುವರ್ಷವೇ ಕೋಚಿಂಗ್ ಕ್ಲಾಸುಗಳು ಸೂಕ್ಷ್ಮದರ್ಶಕ ಕೊಳ್ಳುತ್ತವೆ.